ಕೂಸಿನ ಬಟ್ಟೆಯ ಘಾಟು

ಬೆಳಿಗ್ಗೆ ಎದ್ದು ಕೂಸಿನ ಬಟ್ಟೆ ಹಾಕಿಟ್ಟ ಬಕೆಟ್ಟಿನ ಮುಚ್ಚಳ ತೆಗೆಯುವುದೆಂದರೆ ಕರಿಬಸಮ್ಮನಿಗೆ ಈಚೆಗೆ ದೊಡ್ಡ ಶಿಕ್ಷೆಯಾಗಿತ್ತು. ಮುಖ ಅತ್ತ ತಿರುಗಿಸಿ, ಉಸಿರು ಬಿಗಿಹಿಡಿದು ತೆಗೆದರೂ ಅದು ಬಿಡುತ್ತಿರಲಿಲ್ಲ. ಯೂರಿಯಾ ಚೀಲ ಬಿಚ್ಚಿ ಅದರೊಳಗೇ ತಲೆ ಇಟ್ಟಂತೆ ಘಾಟು ಮೂಗಿಗೆ ರಾಚಿ, ಕಣ್ಣಲ್ಲಿ ನೀರು ಬರಿಸುತ್ತಿತ್ತು. ದನದ ಕೊಟ್ಟಿಗೆಯ ಪಕ್ಕದಲ್ಲೇ ಹುಟ್ಟಿ ಬೆಳೆದ ಹೆಂಗಸು ಅವಳು, ಗಂಜಲಕ್ಕೆ ಎಂದೂ ಮೂಗು ಮುರಿದವಳಲ್ಲ. ಆದರೆ ಎಂಟು ತಿಂಗಳ ಹೆಣ್ಣುಕೂಸಿನ ಉಚ್ಚೆ ಎತ್ತಿನ ಗಂಜಲವನ್ನೂ ಮೀರಿಸುತ್ತದೆಂದರೆ ಏನು ಹೇಳುವುದು?

“ಯಪ್ಪಾ ಶಿವನೇ, ಇದೇನ್ ಉಚ್ಚೆನೋ, ಆಸಿಡ್ಡೋ!” ಎಂದು ಗೊಣಗುತ್ತ ಮಂಡಿ ಹಿಡಿದುಕೊಂಡು ಬಚ್ಚಲಲ್ಲಿ ಕೂರುತ್ತಿದ್ದಳು. ಕೂತರೆ ಏಳಲು ಕಷ್ಟ, ಎದ್ದರೆ ಕೂರಲು ಕಷ್ಟ. ಆದರೂ ಕೂಸಿನ ಬಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಡುವ ಪೈಕಿಯವಳಲ್ಲ.

ಕರಿಬಸಮ್ಮ ಸೊಕ್ಕೆ ಊರಿನ ಇದೇ ಮನೆಯಲ್ಲಿ ಮೂರು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವಳು. ಆಗೆಲ್ಲಿತ್ತು ಈ ಡೈಪರ್ ಗೀಪರ್? ಹಳೇ ಸೀರೆ, ಗಂಡನ ಸವೆದ ಪಂಚೆ ಹರಿದು ಲಂಗೋಟಿ ಕಟ್ಟಿದರಾಯಿತು. ಒದ್ದೆಯಾದರೆ ಬಿಚ್ಚು, ಇನ್ನೊಂದು ಕಟ್ಟು. ತೆಳು ಬಟ್ಟೆ, ನೀರಿಗೆ ಅದ್ದಿ ಎರಡು ಸಲ ಕುಕ್ಕಿ ಹಿಂಡಿದರೆ ಮುಗಿಯಿತು. ಆ ಮೂವರಲ್ಲಿ ಒಬ್ಬರ ಬಟ್ಟೆಯೂ ಹೀಗೆ ನಾತ ಹೊಡೆದದ್ದು ಅವಳಿಗೆ ನೆನಪಿಲ್ಲ.

ಈಗಿನದು ಬೇರೆ ಕಥೆ. ಕೊನೆಯ ಮಗ ಸಿದ್ದೇಶ ಗುಡ್ಡದ ಮೇಲಿನ ಗಾಳಿಯಂತ್ರದ ಕಂಪನಿಯಲ್ಲಿ ಪಾಳಿ ಕೆಲಸದವನು. ಅವನ ಹೆಂಡತಿ ಗಂಗೋತ್ರಿ ಹೊನ್ನಾಳಿಯ ಹುಡುಗಿ, ಜಗಳೂರಿನ ಪತ್ತಿನ ಸಂಘದಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಹೆರಿಗೆ ರಜೆ ಮುಗಿದ ಮೇಲೆ ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಕೂಸಿಗೆ ಏನು ಕಟ್ಟಬೇಕು ಎಂಬುದರ ಮೇಲೆ ಅತ್ತೆ ಸೊಸೆಗೆ ಮೊದಮೊದಲು ನಡೆದ ಹಗ್ಗಜಗ್ಗಾಟ ಅಷ್ಟಿಷ್ಟಲ್ಲ. ಅಂಗಡಿಯ ಪ್ಲಾಸ್ಟಿಕ್ ಡೈಪರ್ ಉಷ್ಣ, ಬೇಡವೇ ಬೇಡ ಎಂದು ಅತ್ತೆ. ಹಳೇ ಸೀರೆಯ ಲಂಗೋಟಿಯಾದರೆ ರಾತ್ರಿಯೆಲ್ಲ ಎದ್ದು ಬದಲಿಸಬೇಕು, ಬೆಳಿಗ್ಗೆ ಆಫೀಸಿನಲ್ಲಿ ತೂಕಡಿಸಿ ಬೈಸಿಕೊಳ್ಳುವವರು ಯಾರು ಎಂದು ಸೊಸೆ. ಕೊನೆಗೆ ಗಂಗೋತ್ರಿ ಮೊಬೈಲಿನಲ್ಲಿ ನೋಡಿ ಬಟ್ಟೆ ಡೈಪರ್ ತರಿಸಿದಳು. ಮೇಲೆ ಆನೆ, ಬಾತುಕೋಳಿ ಚಿತ್ರ, ಸೊಂಟಕ್ಕೆ ಒತ್ತುಗುಂಡಿ, ಒಳಗೆ ಪದರ ಪದರ ಹೊಲಿದ ದಪ್ಪ ಪ್ಯಾಡು. ಇಡೀ ರಾತ್ರಿಯ ಉಚ್ಚೆ ಹೀರಿಕೊಂಡರೂ ಹಾಸಿಗೆ ಒಣಗಿರುತ್ತಿತ್ತು. ಬಟ್ಟೆಯೂ ಹೌದು, ಡೈಪರೂ ಹೌದು, ಇಬ್ಬರೂ ಸೋಲಲಿಲ್ಲ.

ಒಗೆಯುವುದು ಮಾತ್ರ ಕರಿಬಸಮ್ಮನದು. ಸೊಕ್ಕೆಯ ಬೋರಿನ ನೀರು ಗೊತ್ತಲ್ಲ, ಬಾಯಿಗೆ ಹಾಕಿದರೆ ಉಪ್ಪುಪ್ಪು, ಕಾಯಿಸಿದರೆ ಹಂಡೆಯ ತಳಕ್ಕೆ ಸುಣ್ಣ. ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ನೊರೆ ಬರಲಿಲ್ಲವೆಂದರೆ ಕೊಳೆ ಹೋಗಲಿಲ್ಲವೆಂದೇ ಅವಳ ಲೆಕ್ಕ, ಅದಕ್ಕೆ ಇನ್ನೊಂದು ಹಿಡಿ ಸೋಪಿನ ಪುಡಿ. ಘಾಟು ಶುರುವಾದ ಮೇಲಂತೂ ಹಿಡಿಯ ಮೇಲೆ ಹಿಡಿ. ಆಮೇಲೆ ನೀರು ದಂಡ ಮಾಡಬಾರದಲ್ಲ, ನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದೇ ಬಕೆಟ್ಟಿನಲ್ಲಿ ಎಲ್ಲವನ್ನೂ ಅದ್ದಿ, ಜಾಲಿಸಿ, ಹಿಂಡಿ ತೆಗೆಯುತ್ತಿದ್ದಳು. ಲಂಗೋಟಿಗೆ ಅಷ್ಟು ಸಾಕಾಗುತ್ತಿತ್ತು, ಇದಕ್ಕೂ ಸಾಕು ಎಂದುಕೊಂಡಿದ್ದಳು.

ಬಿಸಿಲಿಗೆ ಹಾಕಬಾರದೇ ಎಂದು ಕೇಳಿದರೆ ಅವಳ ಮುಖ ಕಪ್ಪಿಡುತ್ತಿತ್ತು. ಸೊಕ್ಕೆಯಲ್ಲಿ ಬಿಸಿಲಿಗೇನು ಕೊರತೆ? ಆದರೆ ಕೂಸಿನ ಬಟ್ಟೆ ಬಯಲಲ್ಲಿ ಒಣಹಾಕಿದರೆ ಮೇಲೆ ಹಕ್ಕಿ ಹಾಯುತ್ತದೆ, ಹಕ್ಕಿಯ ನೆರಳು ಬಿದ್ದ ಬಟ್ಟೆ ತೊಟ್ಟ ಕೂಸು ಸೊರಗುತ್ತದೆ. ಇದು ಅವಳ ಅತ್ತೆ ಹೇಳಿಕೊಟ್ಟದ್ದು. ಹೊಸ ಸೊಸೆಯಾಗಿದ್ದಾಗ ಕರಿಬಸಮ್ಮ ಆ ಮಾತಿಗೆ ನಕ್ಕಿದ್ದಳು. ಅವಳ ಚೊಚ್ಚಲ ಕೂಸು, ಈ ಮೂವರಿಗಿಂತ ಮೊದಲಿನದು, ಎದೆ ಕಚ್ಚದೆ ಸೊರಗಿ ಸೊರಗಿ ಕೈಯಲ್ಲೇ ಹೋಯಿತು. ಅಂದಿನಿಂದ ಅವಳು ನಗಲಿಲ್ಲ. ಕೂಸಿನ ಬಟ್ಟೆ ಒಣಗುವುದು ನಡುಮನೆಯ ಹಗ್ಗದ ಮೇಲೇ, ಸಂಜೆಗೆ ಅದರ ಕೆಳಗೊಂದಿಷ್ಟು ಲೋಬಾನದ ಹೊಗೆ.

ಹೀಗೆ ಸಾಗುತ್ತಿರುವಾಗ ಕೂಸು ಅರ್ಪಿತಾಳ ತೊಡೆಸಂದು ಕೆಂಪಾಯಿತು. ಕೆಂಪು ಹೋಗಿ ಹಸಿಗಾಯವಾಯಿತು. ಉಚ್ಚೆ ಹೊಯ್ದ ತಕ್ಷಣ ಕಿಟಾರನೆ ಕಿರುಚಿ ಬಿಲ್ಲಿನಂತೆ ಬಾಗುತ್ತಿತ್ತು. ಜಗಳೂರಿನ ಡಾಕ್ಟರು ಮುಲಾಮು ಕೊಟ್ಟರು, ಮಾಯಿತು, ಮತ್ತೆ ಬಂತು. ನಡುವೆ ಗಂಗೋತ್ರಿ ರಜೆ ಹಾಕಿ ಹೊನ್ನಾಳಿಯ ತವರಿಗೆ ಹೋಗಿ ಬಂದಳು. ಅಲ್ಲಿದ್ದಷ್ಟು ದಿನ ಗಾಯವೂ ಇಲ್ಲ, ನಾತವೂ ಇಲ್ಲ, ಕೂಸು ನಗುನಗುತ್ತ ಹೊಟ್ಟೆಯ ಮೇಲೆ ತೆವಳಿತಂತೆ. ಸೊಕ್ಕೆಗೆ ಬಂದು ವಾರ ತುಂಬಲಿಲ್ಲ, ಎಲ್ಲವೂ ಮೊದಲಿನಂತೆ.

ಕರಿಬಸಮ್ಮ ತಲೆ ಓಡಿಸಿದಳು. ಬಟ್ಟೆ ತಾನು ಒಗೆದದ್ದು, ಅದರಲ್ಲಿ ಐಬಿಲ್ಲ. ಕೂಸು ನಮ್ಮ ರಕ್ತ, ಅದರಲ್ಲೂ ಐಬಿಲ್ಲ. ಇನ್ನು ಉಳಿದದ್ದೇನು? ಎದೆಹಾಲು! ತವರಿನಲ್ಲಿದ್ದಾಗ ಸೊಸೆ ನೆರಳಲ್ಲಿದ್ದಳು, ಹಾಲು ತಂಪಾಗಿತ್ತು. ಇಲ್ಲಿ ಬಿಸಿಲಲ್ಲಿ ಬಸ್ಸು ಹತ್ತಿ ಇಳಿದು, ಹಗಲೆಲ್ಲ ಎದೆಯಲ್ಲೇ ಕಟ್ಟಿಕೊಂಡ ಹಾಲನ್ನು ಸಂಜೆ ಬಂದು ಕುಡಿಸುತ್ತಾಳೆ. ತಂಗಳು ಹಾಲು. ನಂಜು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆ ಕರಿಬಸಮ್ಮನಿಗೆ ಬಾಯಿಪಾಠವಿತ್ತು, ಆದರೆ ಗಾದೆ ಇರುವುದೇ ಇನ್ನೊಬ್ಬರಿಗೆ ಹೇಳಲಿಕ್ಕಲ್ಲವೇ.

ಹೊಳೆದ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ನಲ್ಲಿಗೆ ನೀರು ಬಂದ ದಿನ ಕೊಡ ಸರದಿಗಿಟ್ಟು ಪಕ್ಕದ ಮನೆಯ ಕಲ್ಲಮ್ಮನ ಮುಂದೆ ಹೇಳಿಯೇಬಿಟ್ಟಳು. “ನನ್ ಸೊಸೆ ಹಾಲು ನಂಜಾಗೈತೆ ಕಣೇ ಕಲ್ಲಮ್ಮ. ಕೂಸು ಉಚ್ಚೆ ಹೊಯ್ದ್ರೆ ಮನಿಯಾಗೆ ನಿಲ್ಲಾಕಾಗಲ್ಲ.” ಸರದಿಯಲ್ಲಿದ್ದ ಹೆಂಗಸರೆಲ್ಲ ಲೊಚಗುಟ್ಟಿದರು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದುಂಟೇ? ಮರುದಿನ ಬಸ್ಸಿಗೆ ಕಾಯುತ್ತಿದ್ದ ಗಂಗೋತ್ರಿಯ ಹತ್ತಿರ ಯಾರೋ ಬಂದು, “ಏನವ್ವಾ, ನಿನ್ ಹಾಲು ಕೂಸಿಗೆ ಆಗ್ತಿಲ್ವಂತೆ?” ಎಂದು ಮರುಕದಿಂದಲೇ ಕೇಳಿದರು.

ಅಂದು ಸಂಜೆ ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ಕೇಳಿದಳು. “ಅತ್ತೆ, ಊರಿಗೆಲ್ಲಾ ಹೇಳೋದಕ್ಕಿಂತ ಮೊದ್ಲು ನನಗೊಂದ್ ಮಾತು ಹೇಳ್ಬೋದಿತ್ತಲ್ರೀ?”

“ಈಗ ಹೇಳ್ತೀನಿ ಕೇಳು. ಬ್ಯಾಸರ ಮಾಡ್ಕಬ್ಯಾಡ. ನಿನ್ ಹಾಲು ಕೂಸಿಗೆ ಒಗ್ತಿಲ್ಲ. ಬಿಡಿಸ್ಬಿಡು. ಆಕಳ ಹಾಲು, ರಾಗಿ ಸರಿ ಹಾಕಿ ನಾನ್ ಬೆಳೆಸ್ತೀನಿ.”

“ಡಾಕ್ಟ್ರು ಬಿಡಿಸ್ಬ್ಯಾಡ್ರಿ ಅಂದಾರೆ.”

“ಡಾಕ್ಟ್ರು ಬಂದು ಉಚ್ಚೆ ಬಟ್ಟೆ ಒಗೀತಾರೇನು? ಮೂಗು ಉರಿಯೋದು ನಂದು. ನಿಮ್ಮಮ್ಮನ ಮನಿಯಾಗೆ ಯಾಕೆ ವಾಸಿ ಆತು, ಇಲ್ಲಿ ಯಾಕೆ ಬಂತು? ನೀನೇ ಹೇಳು ನೋಡಾನ.”

ಗಂಗೋತ್ರಿ ಗೋಡೆಗೆ ಒರಗಿ ಕೂತು, ಕೂಸನ್ನು ತೊಡೆಯ ಮೇಲೆ ಎಳೆದುಕೊಂಡು ಸೆರಗು ಮುಚ್ಚಿದಳು. “ಹಗಲೆಲ್ಲಾ ನಿಮ್ ಹತ್ರಾನೇ ಇರ್ತಾಳೆ ಅತ್ತೆ. ಸ್ನಾನ ನಿಮ್ದು, ಊಟ ನಿಮ್ದು, ತೂಗೋದು ನಿಮ್ದು. ಇದೊಂದೇ ನಂದು. ಇದನ್ನೂ ಬಿಡು ಅಂದ್ರೆ ನಾನ್ ಏನ್ ತಾಯಿ ಆದಂಗಾತು?”

ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಿದ್ದ ಸಿದ್ದೇಶ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವ್ವನ ಕಡೆ ಮಾತಾಡಿದರೆ ಹೆಂಡತಿ ಮುನಿಸು, ಹೆಂಡತಿ ಕಡೆ ಮಾತಾಡಿದರೆ ಅವ್ವನ ಕಣ್ಣೀರು. ಗಂಡಸರಿಗೆ ಇಂಥ ಹೊತ್ತಲ್ಲಿ ಸಾರಿನ ಮೇಲೆ ಎಲ್ಲಿಲ್ಲದ ಗಮನ ಬರುತ್ತದೆ.

ಸೋತದ್ದು ಗಂಗೋತ್ರಿಯೇ. ಜಗಳದಿಂದಲ್ಲ, ದಣಿವಿನಿಂದ. ಒಂದು ಮುಂಜಾನೆ ಕೂಸಿನ ಗಾಯದಿಂದ ರಕ್ತ ಒಸರಿದ್ದು ಕಂಡಿತು. ಕೂಸು ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಬಸ್ಸಿನ ಹಾರನ್ನು ಆಗಲೇ ಕೇಳಿಸುತ್ತಿತ್ತು. ಅವಳು ಹೊಸ್ತಿಲ ಮೇಲೆ ಚಪ್ಪಲಿ ಮೆಟ್ಟುತ್ತ, ಅತ್ತೆಯ ಮುಖ ನೋಡದೆ, “ಆಯ್ತು ಅತ್ತೆ. ಬಿಡಿಸ್ರಿ. ನನ್ನಿಂದ್ಲೇ ಹಿಂಗೆ ಆಗ್ತಿದ್ರೆ ಬ್ಯಾಡ,” ಎಂದಳು.

ಕರಿಬಸಮ್ಮ ತಡಮಾಡಲಿಲ್ಲ. ಆ ಸಂಜೆಯೇ ಬೇವಿನ ಚಿಗುರು ಅರೆದು ಸೊಸೆಯ ಎದೆಗೆ ಹಚ್ಚಿದಳು. ಕೂಸು ಆಸೆಯಿಂದ ಬಾಯಿ ಹಾಕಿ, ಕಹಿ ತಗುಲಿ ಮುಖ ಕಿವುಚಿ, ಅಮ್ಮನ ಮುಖವನ್ನೇ ನೋಡಿತು. ಮತ್ತೆ ಬಾಯಿ ಹಾಕಿತು. ಮೂರನೇ ಸಲಕ್ಕೆ ಬೆನ್ನು ತಿರುಗಿಸಿ ಅಜ್ಜಿಯ ಕಡೆ ಕೈ ಚಾಚಿತು. ಹಾಲು ಬತ್ತಲೆಂದು ಮಲ್ಲಿಗೆ ಮಾಲೆಯನ್ನು ಎದೆಯ ಸುತ್ತ ಸುತ್ತಿ, ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಿದಳು. ಬಾವು ಬಂದು ಮೈ ಕೆಂಡವಾಗಿದ್ದರೂ ಗಂಗೋತ್ರಿ ಹಾಗೇ ಆಫೀಸಿಗೆ ಹೋಗಿ ಬಂದಳು. ನಲ್ಲಿಯ ಹತ್ತಿರ ಕರಿಬಸಮ್ಮ, “ಬಿಡಿಸಿದೆ ನೋಡು, ಇನ್ ಸರಿ ಹೋಗ್ತೈತೆ,” ಎಂದಳು.

ಸರಿ ಹೋಗಲಿಲ್ಲ.

ಆಕಳ ಹಾಲು ಕುಡಿದ ಕೂಸಿನ ಬಟ್ಟೆಯೂ ಅದೇ ಘಾಟು ಹೊಡೆಯಿತು. ಮೊದಮೊದಲು ಕರಿಬಸಮ್ಮ, ಹಳೇ ನಂಜು ಇಳಿಯಲು ಹೊತ್ತು ಬೇಕು ಎಂದುಕೊಂಡಳು. ಆಮೇಲೆ ಆಕಳಿಗೆ ಏನು ಮೇವು ಹಾಕುತ್ತಾರೋ ಎಂದು ಹಾಲು ಹಾಕುವವನನ್ನು ಬೈದಳು. ಅಷ್ಟಾದರೂ ಎದೆಯೊಳಗೆ ಏನೋ ಕೊರೆಯತೊಡಗಿತು.

ಒಂದು ಮಧ್ಯಾಹ್ನ ಕೂಸು ಮಲಗಿ ಎದ್ದಾಗ ಮೈಯೆಲ್ಲ ಬೆವರಿತ್ತು. ಗಾಯಕ್ಕೆ ಬೋರಿನ ನೀರು ತಾಗಿದರೆ ಉರಿಯುತ್ತದೆಂದು, ಕುಡಿಯಲು ಕ್ಯಾನಿನಲ್ಲಿ ತಂದಿಟ್ಟ ಫಿಲ್ಟರ್ ನೀರನ್ನೇ ಕರಿಬಸಮ್ಮ ಸ್ವಲ್ಪ ಕಾಯಿಸಿದಳು. ಒರೆಸಲು ಮೆತ್ತನೆಯದು ಏನಾದರೂ ಬೇಕಲ್ಲ ಎಂದು ಹಗ್ಗದ ಮೇಲಿಂದ ಒಣಗಿದ ಪ್ಯಾಡೊಂದನ್ನು ಎಳೆದು, ಬೆಚ್ಚಗಿನ ನೀರಲ್ಲಿ ಅದ್ದಿದಳು.

ಭಗ್ಗನೆ ಎದ್ದಿತು ಘಾಟು.

ಅವಳು ಮೊದಲು ಕೂಸಿನ ಕಡೆ ನೋಡಿದಳು. ಕೂಸು ಚಾಪೆಯ ಮೇಲೆ ಬರಿಮೈಯಲ್ಲಿ ಬಿದ್ದುಕೊಂಡು ಕಾಲ್ಬೆರಳು ಚೀಪುತ್ತಿತ್ತು, ಚಾಪೆ ಒಣಗಿತ್ತು. ಪ್ಯಾಡನ್ನು ಮೂಗಿಗೆ ಹಿಡಿದಳು. ಕಣ್ಣಲ್ಲಿ ನೀರು ಬಂತು. ನಿನ್ನೆ ತಾನೇ ಕೈಯಾರೆ ಒಗೆದು, ಹಿಂಡಿ, ಒಣಹಾಕಿದ ಬಟ್ಟೆ. ಕೂಸು ಇನ್ನೂ ಅದನ್ನು ತೊಟ್ಟೇ ಇಲ್ಲ! ಇದರಲ್ಲಿ ಯಾರ ಹಾಲಿದೆ?

ಪ್ಯಾಡನ್ನು ಮತ್ತೆ ನೀರಿಗೆ ಹಾಕಿ ಹಿಸುಕಿದಳು. ನೊರೆ ಬಂತು. ಸೋಪು ಹಾಕಿಯೇ ಇಲ್ಲ, ಆದರೂ ನೊರೆ. ಚೆಲ್ಲಿ, ಹೊಸ ನೀರು ಹಾಕಿ ಹಿಸುಕಿದಳು, ಮತ್ತೆ ನೊರೆ, ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ತಿಂಗಳುಗಟ್ಟಲೆ ಹಿಡಿ ಹಿಡಿಯಾಗಿ ಸುರಿದ ಪುಡಿ, ಬೋರಿನ ನೀರಿಗೆ ಬಿಡದೆ, ಆ ಪದರಗಳ ಒಳಗೇ ಉಚ್ಚೆಯ ಕೊಳೆಯನ್ನು ಅವುಚಿಕೊಂಡು ಕೂತಿತ್ತು. ನೆರಳಲ್ಲಿ ಒಣಗಿದ್ದು ಮೇಲುಮೇಲೆ ಅಷ್ಟೇ. ಕೂಸು ಒದ್ದೆ ಮಾಡಿದಾಗಲೆಲ್ಲ ಹಳೆಯದೆಲ್ಲ ಎದ್ದು ಬಂದು ಆ ಎಳೇ ಚರ್ಮವನ್ನು ಸುಡುತ್ತಿತ್ತು. ಕ್ಯಾನಿನ ನೀರು ಮುಗಿಯುವತನಕ ಕರಿಬಸಮ್ಮ ಹಿಸುಕಿದಳು, ಚೆಲ್ಲಿದಳು, ಹಿಸುಕಿದಳು. ಕೊನೆಗೆ ನೊರೆ ನಿಂತಿತು. ಮೂಸಿದರೆ ಬರೀ ಬಟ್ಟೆಯ ವಾಸನೆ.

ಬಚ್ಚಲಲ್ಲಿ ಹಾಗೇ ಕೂತುಬಿಟ್ಟಳು. ಹೊನ್ನಾಳಿಯಲ್ಲಿ ಹೊಳೆಯ ಸಿಹಿನೀರು, ಬೀಗಿತ್ತಿ ಬಟ್ಟೆಗಳನ್ನು ತಾರಸಿಯ ಬಿಸಿಲಿಗೆ ಹರವುತ್ತಾಳೆ, ಹಕ್ಕಿ ಪಕ್ಕಿ ಎನ್ನುವವಳಲ್ಲ. ಇಷ್ಟು ಸಣ್ಣ ಸಂಗತಿ! ಅಯ್ಯೋ ನನ್ನ ಕರ್ಮವೇ, ಕೂಸನ್ನು ಸುಟ್ಟದ್ದು ನನ್ನ ಕೈ, ಕಹಿ ಹಚ್ಚಿಸಿಕೊಂಡವಳು ಅದರ ತಾಯಿ.

ಹೇಳದೆ ಇರಬಹುದಿತ್ತು. ಅದೂ ಅವಳ ತಲೆಗೆ ಬಂತು, ಸುಳ್ಳೇಕೆ? ಎಲ್ಲ ಪ್ಯಾಡುಗಳನ್ನೂ ಒಳ್ಳೆಯ ನೀರಲ್ಲಿ ಜಾಲಿಸಿಟ್ಟರೆ ನಾಲ್ಕು ದಿನದಲ್ಲಿ ಗಾಯ ಮಾಯುತ್ತದೆ. ಹಾಲು ಬಿಡಿಸಿದ್ದಕ್ಕೇ ವಾಸಿಯಾಯಿತು ಎಂದು ಊರೇ ಹೊಗಳುತ್ತದೆ. ಗಂಗೋತ್ರಿಯೂ ನಂಬುತ್ತಾಳೆ, ಸಾಯುವತನಕ ನಂಬುತ್ತಾಳೆ. ಆ ಕೊನೆಯ ಯೋಚನೆ ಬಂದದ್ದೇ, ಕರಿಬಸಮ್ಮ ಹಗ್ಗದ ಮೇಲೆ ಉಳಿದ ಪ್ಯಾಡುಗಳನ್ನು ಮುಟ್ಟದೆ ಹಾಗೇ ಬಿಟ್ಟಳು.

ಸಂಜೆ ಗಂಗೋತ್ರಿ ಬಂದು ಕಾಲು ತೊಳೆದು ಕೂತಳು. ಅವಳಿಗೆ ಚಹಾ ಕೊಡುವ ಬದಲು ಕರಿಬಸಮ್ಮ ಬಿಸಿನೀರಿನ ಬೋಗುಣಿ ತಂದು ಮುಂದಿಟ್ಟಳು. ಹಗ್ಗದಿಂದ ಇನ್ನೊಂದು ಒಣ ಪ್ಯಾಡು ಎಳೆದು ಅದ್ದಿ, ಸೊಸೆಯ ಮುಖದ ಹತ್ತಿರ ಹಿಡಿದಳು. ಗಂಗೋತ್ರಿ ಮೂಗು ಮುಚ್ಚಿಕೊಂಡಳು.

“ಒಗೆದಿದ್ದು ಕಣವ್ವ. ಕೂಸು ಮುಟ್ಟಿಲ್ಲ,” ಎಂದಳು ಕರಿಬಸಮ್ಮ. “ನಿನ್ ಹಾಲಲ್ಲ. ನನ್ ಒಗೆತ. ಸೋಪು ಹೋಗ್ತಿರ್ಲಿಲ್ಲ, ಬಿಸ್ಲು ತೋರಿಸ್ಲಿಲ್ಲ. ನನಗ್ ಗೊತ್ತಾಗ್ಲಿಲ್ಲ. ನನ್ ಬುದ್ಧಿಗೆ ಮಣ್ ಹಾಕ.”

ಗಂಗೋತ್ರಿ ಬೈಯುತ್ತಾಳೆ ಎಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಗಂಗೋತ್ರಿ ಆ ಪ್ಯಾಡನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ಬೋಗುಣಿಗೆ ಹಿಂಡಿದಳು.

“ಆಫೀಸಿನ ಬಚ್ಚಲಾಗೆ ನಿಂತು ಹಾಲು ಹಿಂಡಿ ಚೆಲ್ತಿದ್ದೆ ಅತ್ತೆ,” ಎಂದಳು. “ನೋವು ತಡ್ಯಾಕಾಗ್ದೆ. ಬ್ಯಾರೆಯೋರು ತುಳಿದ್ರೆ ಅವರ ಮಕ್ಕಳಿಗೂ ಏನಾದ್ರೂ ಆದೀತು ಅಂತ ಮ್ಯಾಲೆ ನೀರ್ ಸುರಿದು ತೊಳೀತಿದ್ದೆ. ನನ್ ಮೈಯಾಗೆ ವಿಷ ಐತೆ ಅಂತ ನಾನೇ ನಂಬಿಬಿಟ್ಟಿದ್ದೆ.”

ಸೊಸೆ ಎದ್ದು ಬಚ್ಚಲಿಗೆ ಹೋಗಿ, ಕಟ್ಟಿದ ಬಟ್ಟೆ ಬಿಚ್ಚಿ ಎದೆ ತೊಳೆದುಕೊಂಡು ಬಂದಳು. ಕೂಸನ್ನು ಎತ್ತಿ ತೊಡೆಗೆ ಹಾಕಿಕೊಂಡಳು. ಕೂಸು ಎದೆಯನ್ನು ನೋಡಿತು, ಅಮ್ಮನ ಮುಖ ನೋಡಿತು, ತುಟಿ ಬಿಗಿದು ಮುಖ ತಿರುಗಿಸಿತು. “ಇಲ್ಲ ಕಣೇ ಬಂಗಾರಿ, ಈಗ ಕಹಿ ಇಲ್ಲ, ನೋಡೇ,” ಎಂದು ಗಂಗೋತ್ರಿ ಅಂಗಲಾಚಿದಳು. ಕೂಸು ಅಳತೊಡಗಿತು. ಅವಳೂ ಅತ್ತಳು. ಅಜ್ಜಿ ಕಂಬ ಹಿಡಿದು ನಿಂತು ಅತ್ತಳು. ಅಳುತ್ತ ಅಳುತ್ತಲೇ, ಬಾಯಿ ತಗುಲಿತೋ ಏನೋ, ಕೂಸು ಕಚ್ಚಿತು.

“ಬಂತೇನೇ?” ಎಂದಳು ಕರಿಬಸಮ್ಮ.

“ಇಲ್ಲ. ಏನೂ ಬರ್ತಿಲ್ಲ.” ಗಂಗೋತ್ರಿ ಕಣ್ಣು ಒರೆಸಿಕೊಳ್ಳಲಿಲ್ಲ. “ನನಗೆ ಸಿಟ್ಟು ಮಾಡಾಕೂ ತ್ರಾಣ ಇಲ್ಲ ಅತ್ತೆ. ಒಂದ್ ಕೆಲಸ ಮಾಡ್ರಿ. ನಲ್ಲಿ ಹತ್ರ ನಿಂತು ಹೇಳಿದ್ರಲ್ಲ, ಅಲ್ಲೇ ನಿಂತು ಇದನ್ನೂ ಹೇಳಿ ಬರ್ರಿ. ಇವಳು ದೊಡ್ಡೋಳಾದ್ಮೇಲೆ ಯಾರೂ ಇವಳಿಗೆ, ನಿಮ್ಮಮ್ಮನ ಹಾಲು ನಂಜು ಇತ್ತು ಅನ್ನಬಾರ್ದು.”

ಅವತ್ತು ನಲ್ಲಿಗೆ ನೀರು ಬಿಟ್ಟಿದ್ದರು. ಕರಿಬಸಮ್ಮ ಕೊಡ ತೆಗೆದುಕೊಳ್ಳದೆ ಬರಿಗೈಯಲ್ಲಿ ಹೊರಟಳು. ಅಷ್ಟು ಹತ್ತಿರದ ದಾರಿ ಅವಳಿಗೆ ಯಾವತ್ತೂ ಅಷ್ಟು ದೂರವೆನಿಸಿರಲಿಲ್ಲ, ಅದೂ ಮಂಡಿಯ ನೋವಿನಿಂದಲ್ಲ. ಕೊಡಗಳ ಸಾಲಿನ ಮುಂದೆ ನಿಂತಳು. ಮೆತ್ತಗೆ ಹೇಳಿದರೆ ಮೆತ್ತಗೇ ಉಳಿಯುತ್ತದೆಂದು ಅವಳಿಗೆ ಗೊತ್ತಿತ್ತು.

“ಕೇಳ್ರವ್ವಾ ಎಲ್ಲಾರೂ. ಕಲ್ಲಮ್ಮ, ನೀನೂ ಕೇಳು. ನನ್ ಸೊಸೆ ಹಾಲು ಚೊಲೋ ಐತೆ. ಅವತ್ತೂ ಚೊಲೋ ಇತ್ತು. ಕೂಸಿನ ಬಟ್ಟೆ ನಾನ್ ಸರಿಯಾಗಿ ಒಗೀಲಿಲ್ಲ, ಅದ್ಕೇ ನಾತ, ಅದ್ಕೇ ಗಾಯ. ತಪ್ಪು ನಂದು. ಸುಮ್ನೆ ಆ ಹುಡುಗಿ ಮ್ಯಾಲೆ ಹಾಕ್ದೆ.”

ಯಾರೋ ಕಿಸಕ್ಕನೆ ನಕ್ಕರು. “ಅಲ್ಲಾ ಕರಿಬಸಕ್ಕ, ಮೂರು ಹಡೆದೋಳು ನೀನು, ಬಟ್ಟೆ ಒಗ್ಯಾಕೆ ಬರಲ್ವಾ?” ಎಂದಳು ಕಲ್ಲಮ್ಮ.

“ನಾಕು,” ಎಂದಳು ಕರಿಬಸಮ್ಮ. “ನಾಕು ಹಡೆದೋಳು. ಆದ್ರೂ ಬರ್ಲಿಲ್ಲ.”

ಮನೆಗೆ ಬಂದು ಹೊಸ್ತಿಲಲ್ಲಿ ನಿಂತಳು. ಗಂಗೋತ್ರಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಕೂಸು ಇನ್ನೂ ಎದೆ ಬಿಟ್ಟಿರಲಿಲ್ಲ. ಹಾಲು ಬಂತೇ ಎಂದು ಕೇಳಬೇಕೆನಿಸಿತು. ಕರಿಬಸಮ್ಮ ಹಗ್ಗದ ಮೇಲಿನ ಪ್ಯಾಡುಗಳನ್ನು ಒಂದೊಂದಾಗಿ ಎಳೆದು ಬಕೆಟ್ಟಿಗೆ ಹಾಕತೊಡಗಿದಳು.